ಬಟ್ಟಲು ಹಿಡಿಸುತ್ತಿದ್ದ ತಾತ

ಅವರ ಬಲ ಅಂಗೈ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಬೆಳಕು ಹರಿಯುವ ಮುಂಚಿನಿಂದ ಮಧ್ಯಾಹ್ನ ಕಳೆಯುವವರೆಗೂ ನೀರಿನಲ್ಲೇ ಇರುತ್ತಿದ್ದ ಕೈ ಅದು. ಬೆರಳ ತುದಿಗಳು ನೆನೆಸಿಟ್ಟ ಅವರೆಕಾಳಿನ ಸಿಪ್ಪೆಯ ಹಾಗೆ ಮುದುರಿಕೊಂಡು, ಎಂಥ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದವು. ಹೆಬ್ಬೆರಳಿನ ಪಕ್ಕದಲ್ಲಿ ಕತ್ತಿ ಹಿಡಿದು ಹಿಡಿದು ಎದ್ದ ಒಂದು ಗಂಟು. ಆ ಅಂಗೈ ನನ್ನ ನೆತ್ತಿಯ ಮೇಲೆ ಮೂರು ಸಲ ಕೂತಿದೆ. ಮೊದಲ ಸಲ ಕೂತಾಗ ನನಗೆ ನನ್ನ ಹೆಸರೂ ಗೊತ್ತಿರಲಿಲ್ಲವಂತೆ. ಆದರೆ ಆ ತಂಪು ಮಾತ್ರ ನೆನಪಿದೆ.

ನಂಜನಗೂಡಿನ ಕಪಿಲಾ ಹೊಳೆಯ ದಂಡೆಯಲ್ಲಿ, ಮುಡಿಕಟ್ಟೆಯ ಕೊನೆಯ ಕಂಬದ ಬುಡದಲ್ಲಿ ಕೂತು ಅವರು ಹರಕೆಯ ಮುಡಿ ತೆಗೆಯುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ತಾತ. ಅಕ್ಕಪಕ್ಕದಲ್ಲಿ ಅದೇ ಕೆಲಸ ಮಾಡುವವರು ತಲೆಗೆ ನೀರು ಚಿಮುಕಿಸಿ, ನಾಲ್ಕು ನಿಮಿಷದಲ್ಲಿ ಬೋಳಿಸಿ ಮುಂದಿನವರನ್ನು ಕರೆಯುತ್ತಿದ್ದರು. ತಾತನದು ಹಾಗಲ್ಲ. ಎದುರು ಕೂತವರ ಎರಡೂ ಕೈಗೆ ಒಂದು ಹಿತ್ತಾಳೆ ಬಟ್ಟಲು ಕೊಟ್ಟು, ಅಂಚಿನವರೆಗೂ ನೀರು ತುಂಬಿ, "ಇಡ್ಕಳಿ, ಚೆಲ್ಲಬ್ಯಾಡಿ" ಅನ್ನುತ್ತಿದ್ದರು. ಆ ಬಟ್ಟಲಿನಿಂದಲೇ ನೀರು ತಗೊಂಡು ತಲೆ ನೆನೆಸುವುದು. ಹಸುಗೂಸಾದರೆ ತಾಯಿ ಹಿಡಿಯಬೇಕು. ಪಕ್ಕದವರು ಇದಕ್ಕೆ ತಾತನ ಬಟ್ಟಲುಶಾಸ್ತ್ರ ಅಂತ ಹೆಸರಿಟ್ಟು ನಗುತ್ತಿದ್ದರು. ಯಾಕೆ ಹೀಗೆ ಅಂತ ನಾನು ಎಷ್ಟೋ ದಿನದ ಮೇಲೆ ಕೇಳಿದಾಗ ತಾತ, "ತಲೆ ಕೊಡೋರು ಕೈಯಾರೆ ಕೊಡ್ಬೇಕು ಕಣವ್ವ. ಇನ್ನೊಬ್ರು ತಳ್ಳಿ ಕೊಡಿಸಿದ್ರೆ ಅದು ಮುಡಿಯಲ್ಲ, ಬರೀ ಕೂದಲು" ಅಂದಿದ್ದರು.

ನನ್ನನ್ನು ಅಲ್ಲಿಗೆ ತಳ್ಳಿಕೊಂಡೇ ಕರೆದೊಯ್ದಿದ್ದರು. ಆ ದಿನದ ಕಥೆಯನ್ನು ನಾನು ಅವ್ವನಿಂದ, ನನ್ನ ಗಂಡನಿಂದ ಕೇಳಿ ಕೂಡಿಸಿಕೊಂಡಿದ್ದೇನೆ. ಇಬ್ಬರೂ ಒಂದೇ ಥರ ಹೇಳುತ್ತಾರೆ, ಹಾಗಾಗಿ ನಿಜವೇ ಇರಬೇಕು.

ನನ್ನ ತವರು ಮೂಗೂರಿನ ಪಕ್ಕದ ಹಳ್ಳಿ. ಮೊದಲ ಹೆರಿಗೆ ನರಸೀಪುರದ ಆಸ್ಪತ್ರೆಯಲ್ಲಿ ಸಲೀಸಾಗಿ ಆಯಿತು, ಹೆಣ್ಣು ಮಗು. ಮನೆಗೆ ಬಂದ ಮೇಲೆ ನಡೆದದ್ದೆಲ್ಲ ನಮ್ಮ ಕಡೆ ಬಾಣಂತಿಗೆ ನಡೆಯುವುದೇ. ಕಿಟಕಿ ಮುಚ್ಚಿದ ಕೋಣೆ, ಸಾಂಬ್ರಾಣಿ ಹೊಗೆ, ತಲೆಗೆ ಬಿಗಿಯಾಗಿ ಬಟ್ಟೆ, ಮೈ ಸುಡುವಷ್ಟು ಬಿಸಿನೀರಿನ ಸ್ನಾನ, ಮೆಣಸಿನ ಸಾರು. ಕುಡಿಯಲು ಮಾತ್ರ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ನೀರು. ಹೆಚ್ಚು ಕುಡಿದರೆ ಹೊಟ್ಟೆ ಬರುತ್ತೆ, ಮೈ ಸಡಿಲವಾಗುತ್ತೆ, ಮಗುವಿಗೆ ಶೀತವಾಗುತ್ತೆ. ನಾನು ಬಿ.ಎಸ್ಸಿ. ಓದಿದವಳು. ಮನುಷ್ಯರಿಗೆ ನೀರು ಬೇಕು ಅನ್ನುವಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವ್ವ ಬೇಡ ಅಂದಳು, ನಾನು ಸುಮ್ಮನಾದೆ. ಓದಿದ್ದೆಲ್ಲ ಬಾಣಂತಿ ಕೋಣೆಯ ಹೊಸ್ತಿಲ ಆಚೆಗೇ ನಿಂತುಬಿಡುತ್ತದೆ.

ಹನ್ನೆರಡನೆಯ ದಿನ ತಲೆನೋವು ಶುರುವಾಯಿತು. ಹದಿನಾಲ್ಕನೆಯ ದಿನ ವಾಂತಿ. ಅದರ ಮಾರನೆಯ ದಿನ ಮಗುವನ್ನು ಮಡಿಲಿಗೆ ಕೊಟ್ಟರೆ "ಇದು ನಂದಲ್ಲ, ಯಾರ್ದೋ ತಂದಿಟ್ಟಿದ್ದೀರ" ಅಂದೆನಂತೆ. ಅವ್ವನಿಗೆ ಬಾಯಿಗೆ ಬಂದ ಹಾಗೆ ಬೈದೆನಂತೆ. ನನ್ನ ಬಾಯಲ್ಲಿ ಅಂಥ ಮಾತು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವನ ತಮ್ಮ, ನನ್ನ ಸೋದರಮಾವ, ಬಾಗಿಲಲ್ಲೇ ನಿಂತು ನೋಡಿ, "ಅಕ್ಕ, ಇದು ಬಾಣಂತಿ ಸನ್ನಿ. ಗಾಳಿ ಸೋಕ್ಯದೆ" ಅಂದ. ಅವ್ವ ಅಲ್ಲೇ ತಲೆಬಾಗಿಲಿಗೆ ಹಣೆ ಹಚ್ಚಿ, ನನ್ನ ಮಗಳು ಗುಣವಾದರೆ ಅವಳ ಮುಡಿ ಕೊಡಿಸ್ತೀನಿ ನಂಜುಂಡಪ್ಪ ಅಂತ ಹರಕೆ ಹೊತ್ತಳು. ಗುಣವಾಗಲಿಲ್ಲ. ಮೊದಲು ಮುಡಿ ಕೊಟ್ಟರೇ ಗುಣವಾಗೋದು ಅಂತ ಮಾವ ಹೇಳಿದ. ಹದಿನೇಳನೆಯ ದಿನ ಮಗುವನ್ನು ನನ್ನ ಅಪ್ಪನ ಹತ್ತಿರ ಬಿಟ್ಟು, ಹಳೆಯ ಸೀರೆಯಲ್ಲಿ ನನ್ನ ಎರಡೂ ಕೈ ಕಟ್ಟಿ, ಮಾವನ ವ್ಯಾನಿನಲ್ಲಿ ನಂಜನಗೂಡಿಗೆ ಹೊರಟರು. ನನ್ನ ಗಂಡನ ಊರು ಹೆಡತಲೆ, ನಂಜನಗೂಡಿನ ಹತ್ತಿರವೇ. ಅವರು ಅಲ್ಲಿಂದ ಬಂದು ಹೊಳೆ ದಂಡೆಯಲ್ಲಿ ಕಾಯುತ್ತಿದ್ದರು.

ಸೋಮವಾರ, ಕಟ್ಟೆಯ ತುಂಬ ಜನ. ತಾತನ ಎದುರು ಮಾತ್ರ ಜಾಗ ಖಾಲಿ ಇತ್ತು, ಅವರು ನಿಧಾನ ಅಂತ. ಮಾವ ನನ್ನನ್ನು ಅಲ್ಲಿ ಕೂರಿಸಿ, "ಬೇಗ ಮುಗ್ಸಿ ತಾತ. ಮುಡಿ ಕೊಟ್ಟು ಹೊಳೇಲಿ ಮೂರು ಮುಳುಗು ಹಾಕಿಸ್ಬೇಕು" ಅಂದ.

ತಾತ ನನ್ನ ಕೈ ನೋಡಿದರು. "ಯಾಕೆ ಕಟ್ಟಿದ್ದೀರಿ?"

"ವಡೀತಾಳೆ."

"ವಡೀಲಿ. ಬಿಚ್ಚಿ. ಬಟ್ಟಲು ಇಡ್ಕಬೇಕು ಅವಳು."

ಮಾವನಿಗೆ ಸಿಟ್ಟು ಬಂತು. ಆದರೆ ಕತ್ತಿ ತಾತನ ಕೈಯಲ್ಲಿತ್ತು, ಅವರು ಮಡಿಸಿ ಪಕ್ಕಕ್ಕಿಟ್ಟುಬಿಟ್ಟರು. ಕೊನೆಗೆ ನನ್ನ ಗಂಡ ಮುಂದೆ ಬಂದು ಗಂಟು ಬಿಚ್ಚಿದರು. ತಾತ ಬಟ್ಟಲನ್ನು ನನ್ನ ಎರಡು ಕೈಯೊಳಗಿಟ್ಟು ನೀರು ತುಂಬಿದರು. ಬಟ್ಟಲು ಬಲಕ್ಕೆ ವಾಲಿತು. ನೀರು ಬಲತೊಡೆಯ ಮೇಲೆ ಸುರಿಯಿತು. ಅವರು ನೆಟ್ಟಗೆ ಮಾಡಿ ಮತ್ತೆ ತುಂಬಿದರು. ಮತ್ತೆ ಬಲಕ್ಕೇ ವಾಲಿತು. ಮೂರನೆಯ ಸಲ ನಾನು ಎಡಗೈಯೊಂದರಲ್ಲೇ ಬಟ್ಟಲು ಎತ್ತಿ, ತಲೆ ನೆನೆಸಲು ಇಟ್ಟಿದ್ದ ಆ ನೀರನ್ನು ಗಟಗಟ ಕುಡಿದುಬಿಟ್ಟೆ.

ಮಾವ ಬಟ್ಟಲು ಕಿತ್ತುಕೊಳ್ಳಲು ಕೈ ಹಾಕಿದ. ತಾತ ಅವನ ಮುಂಗೈ ಹಿಡಿದರು. ಬಿಡಲೇ ಇಲ್ಲ. ಇನ್ನೊಂದು ಕೈಯಿಂದ ತಮ್ಮ ಕುಡಿಯುವ ನೀರಿನ ಬಾಟಲಿ ತೆಗೆದು ನನಗೆ ಕೊಟ್ಟರು. ಅವ್ವ ಬೇಡ ಅನ್ನಲು ಬಾಯಿ ತೆರೆದಳಂತೆ. ಬಾಣಂತಿಗೆ ತಣ್ಣೀರು ಅನ್ನುವುದು ಒಂದು ಭಯ, ಆ ಕೈಯ ನೀರು ಅನ್ನುವುದು ಇನ್ನೊಂದು ಹಿಂಜರಿಕೆ. ಎರಡನ್ನೂ ಅವಳೇ ನನಗೆ ಆಮೇಲೆ ಹೇಳಿದಳು, ನಾಚಿಕೊಂಡು. ನಾನು ಬಾಟಲಿ ಖಾಲಿ ಮಾಡಿದೆ. ಆಗ ತಾತ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಇವಳಿಗೆ ನೀರು ಕೊಟ್ಟು ಎಷ್ಟು ದಿನ ಆಯ್ತವ್ವ?"

"ಕೊಡ್ತೀವಲ್ಲ ತಾತ, ದಿನಕ್ಕೆ ಎರಡು ಲೋಟ. ಮೈ ಗಟ್ಟಿಯಾಗ್ಲಿ ಅಂತ."

"ತಲೆ ಕಾದು ಕೂತದೆ, ಒಂದು ತೊಟ್ಟು ಬೆವರಿಲ್ಲ. ಬಲಗೈ ಸೋತೋಗ್ಯದೆ." ತಾತ ಮಾವನ ಕಡೆ ತಿರುಗಿದರು. "ಇದು ಗಾಳಿಯಲ್ಲ ಯಜಮಾನ್ರೆ. ಗಾಳಿ ಬಂದೋರ್ನ ಈ ಕಟ್ಟೆ ಮ್ಯಾಲೆ ಬೇಕಾದಷ್ಟು ನೋಡಿವ್ನಿ. ಅವರಿಗೆ ಎರಡು ಕೈಯಲ್ಲೂ ಐದಾಳಿನ ಬಲ ಬತ್ತದೆ. ಒಂದು ಕೈಗೆ ಬಂದು ಇನ್ನೊಂದು ಕೈ ಬಿಟ್ಟೋಗೋ ಗಾಳಿನ ನಾನು ಕಂಡಿಲ್ಲ. ಮೊದ್ಲು ಮೈಸೂರು ಆಸ್ಪತ್ರೆಗೆ ಓಗಿ. ನೀರಿಗೆ ಮಾತ್ರ ಇಳಿಸಬ್ಯಾಡಿ."

"ನೀನೇನು ಡಾಕ್ಟ್ರಾ? ನಿನ್ ಕೆಲ್ಸ ನೋಡ್ಕ" ಅಂದ ಮಾವ.

"ಅದೇ ನೋಡ್ತಾ ಇವ್ನಿ. ತಲೆ ನೋಡೋದೇ ನನ್ ಕೆಲ್ಸ."

ಸುತ್ತ ಜನ ಸೇರಿದ್ದರು. ಪಕ್ಕದ ಕೆಲಸದವರೊಬ್ಬರು, "ನಿಂಗ್ಯಾಕೆ ತಾತ, ಅವರ ಹರಕೆ ಅವರದು, ತೆಗೆದು ಕಳಿಸು" ಅಂದರು. ಮಾವ ಬೇರೆಯವರ ಮುಂದೆ ಕೂರಿಸೋಣ ಅಂತ ನನ್ನ ರಟ್ಟೆ ಹಿಡಿದ. ಬೇರೆಯವರು ನಾಲ್ಕು ನಿಮಿಷದಲ್ಲಿ ಬೋಳಿಸುತ್ತಿದ್ದರು, ಐದನೆಯ ನಿಮಿಷಕ್ಕೆ ನಾನು ಹೊಳೆಯಲ್ಲಿರುತ್ತಿದ್ದೆ. ಅವ್ವ ಅಳುತ್ತಾ ತಾತನ ಎದುರು ಕೂತಳು. "ಹರಕೆ ಹೊತ್ತು, ಕಟ್ಟೆಗಂಟ ಬಂದು, ಕೊಡದೆ ಎದ್ದೋದ್ರೆ ನಂಜುಂಡಪ್ಪ ಸುಮ್ನಿರ್ತಾನಾ ತಾತ? ನಂಗಿರೋಳು ಇವಳೊಬ್ಬಳೇ" ಅಂದಳು. ಅವಳ ಭಯ ಸುಳ್ಳಲ್ಲ. ದೇವರಿಗೆ ಮಾತು ಕೊಟ್ಟು ತಪ್ಪಿದರೆ ಆ ಪೆಟ್ಟು ಬೀಳುವುದು ಮಗಳ ಮೇಲೆ ಅಂತ ನಂಬಿದವಳಿಗೆ ಆಸ್ಪತ್ರೆ ದಾರಿ ತೋರಿಸಿದರೆ ಕಾಣುತ್ತದೆಯೇ?

ತಾತ ಹೊಳೆಯ ಆಚೆ ನೋಡುತ್ತಿದ್ದರಂತೆ. ಆಮೇಲೆ ಮೆಲ್ಲಗೆ ಕೇಳಿದರು. "ಅರಕೆ ಒತ್ತಿದ್ದು ಯಾರ ಬಾಯಿ?"

"ನಂದೇ."

"ಅಂಗಾದ್ರೆ ನೀನು ಕೂತ್ಕ ತಾಯಿ. ಒತ್ತ ಬಾಯಿ ಯಾವ ತಲೇಲಿ ಅದೆಯೋ ಆ ತಲೆ ಕೊಟ್ರೆ ನಮ್ಮಪ್ಪ ಬ್ಯಾಡ ಅನ್ನಲ್ಲ. ಇವಳು ಆಸ್ಪತ್ರೆಗೆ ಓಗ್ಲಿ, ನೀನು ಇಲ್ಲಿ ಮಾತು ಉಳಿಸ್ಕ."

ಅವ್ವನಿಗೆ ಸೊಂಟ ದಾಟುವ ಕೂದಲು. ಇಡೀ ಬೀದಿಯಲ್ಲಿ ಅಂಥ ಕೂದಲು ಇನ್ನೊಬ್ಬರಿಗಿರಲಿಲ್ಲ, ಅವಳಿಗೆ ಅದರ ಜಂಬವೂ ಇತ್ತು. ಅವಳು ತಾತನ ಮುಖ ನೋಡಿದಳು. ತುರುಬು ಬಿಚ್ಚಿದಳು. ತಾತ ಬಟ್ಟಲು ತೊಳೆದು ಅವಳ ಕೈಗೆ ಕೊಟ್ಟರು. ನನ್ನ ಗಂಡ ಮಾವನ ಕೈಯಿಂದ ನನ್ನನ್ನು ಬಿಡಿಸಿ, ಎತ್ತಿಕೊಂಡು ವ್ಯಾನಿನ ಕಡೆ ನಡೆದರು. ಮಾವ ಗೊಣಗುತ್ತಲೇ ಹಿಂದೆ ಬಂದು ಸ್ಟೀರಿಂಗ್ ಹಿಡಿದ.

ಮೈಸೂರಿನ ದಾರಿಯಲ್ಲಿ ಕಡಕೊಳ ದಾಟುವಾಗ ನನಗೆ ಫಿಟ್ಸ್ ಬಂತು. ನನ್ನ ಗಂಡ ಹೇಳುವ ಪ್ರಕಾರ, ಅವತ್ತು ಮಾವ ವ್ಯಾನ್ ಓಡಿಸಿದ ಹಾಗೆ ಜನ್ಮದಲ್ಲಿ ಯಾವತ್ತೂ ಓಡಿಸಿಲ್ಲ, ದಾರಿಯುದ್ದಕ್ಕೂ ಅಳುತ್ತಿದ್ದ. ಆ ಫಿಟ್ಸ್ ಮೂರು ಮುಳುಗಿನ ನಡುವೆ ಬಂದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಬಾಯಿಬಿಟ್ಟು ಆಡಿಲ್ಲ.

ತಲೆಯೊಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಾಣಂತಿಯರಲ್ಲಿ ಹೀಗಾಗುವುದುಂಟು, ನೀರು ಕಡಿಮೆಯಾದರೆ ಇನ್ನೂ ಹೆಚ್ಚು ಅಂತ ಡಾಕ್ಟರಮ್ಮ ವಿವರಿಸುವಾಗ ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಬೋಳುತಲೆಗೆ ಗಂಧ, ಮೇಲೆ ಒದ್ದೆ ಸೆರಗು. ಅಷ್ಟೂ ಮಾತು ಅವಳ ಕಿವಿಗೆ ಬಿತ್ತು. ನಾನು ಅವ್ವನಿಗೆ ಅವತ್ತೂ ಬೈಯಲಿಲ್ಲ, ಇವತ್ತೂ ಬೈದಿಲ್ಲ. ಅವಳಿಗೆ ಅವಳವ್ವ ಮಾಡಿದ್ದನ್ನು ಅವಳು ನನಗೆ ಮಾಡಿದಳು. ನನ್ನ ಹಾಸಿಗೆಯ ಪಕ್ಕ ಹನ್ನೊಂದು ದಿನ ಕೂತು ಗಂಟೆಗೊಂದು ಲೋಟ ನೀರು ಕುಡಿಸಿದವಳೂ ಅವಳೇ.

ಬಲಗೈ ನಿಧಾನಕ್ಕೆ ವಾಪಸ್ಸು ಬಂತು. ರಕ್ತ ತೆಳುವಾಗಿಸುವ ಗುಳಿಗೆ ಕೆಲವು ತಿಂಗಳು, ಫಿಟ್ಸ್ ಗುಳಿಗೆ ವರ್ಷಗಟ್ಟಲೆ ಅಂತ ಬರೆದುಕೊಟ್ಟರು. ಆದರೆ ಹೆಡತಲೆಗೆ ಹೋದ ಮೇಲೆ ನನ್ನ ತಲೆಯೊಳಗೆ ಬೇರೆಯದೇ ಶುರುವಾಯಿತು. ಹೆತ್ತ ಮಗುವನ್ನು ನನ್ನದಲ್ಲ ಅಂದವಳು ನಾನು. ಅದು ಹೆಪ್ಪುಗಟ್ಟಿದ ರಕ್ತ ಆಡಿಸಿದ ಮಾತು ಅಂತ ಡಾಕ್ಟರಮ್ಮ ನೂರು ಸಲ ಹೇಳಿದರೂ, ಮತ್ತೆ ಹಾಗೆ ಅಂದುಬಿಟ್ಟೇನು ಅನ್ನುವ ಭಯಕ್ಕೆ, ಮಗು ನನ್ನ ಮುಖ ನೋಡಿದಾಗಲೆಲ್ಲ ಬೇರೆ ಕಡೆ ತಿರುಗುತ್ತಿದ್ದೆ. ಬೀದಿಯಲ್ಲಿ ಹೆಂಗಸರು ನಾನು ಹತ್ತಿರ ಬಂದರೆ ದನಿ ತಗ್ಗಿಸುತ್ತಿದ್ದರು. ಒಬ್ಬಳಂತೂ ನೇರವಾಗಿ ಕೇಳಿಯೇಬಿಟ್ಟಳು. "ಇನ್ನೂ ಗುಳಿಗೆ ನುಂಗ್ತೀಯಾ? ಅಂದ್ರೆ ನಂಜುಂಡಪ್ಪನ ಮ್ಯಾಲೆ ನಂಬ್ಕೆ ಇಲ್ಲ ಅಂತ ತಾನೆ?"

ಆ ಮಾತು ಮುಳ್ಳು ಮುರಿದುಕೊಂಡ ಹಾಗೆ ಒಳಗೇ ಉಳಿಯಿತು. ನಾನು ಹರಕೆಯವಳು, ನನ್ನ ಬದಲು ಅವ್ವ ತಲೆ ಕೊಟ್ಟಳು, ಅದಕ್ಕೇ ನನ್ನ ಭಯ ಹೋಗುತ್ತಿಲ್ಲ ಅನ್ನಿಸಿತು. ಏಳನೆಯ ತಿಂಗಳಲ್ಲಿ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದೆ. ಮೂರು ವಾರದ ಮೇಲೆ, ನನ್ನ ಮುಡಿ ಕೊಟ್ಟು ಬರೋಣ ಅಂತ ಗಂಡನನ್ನು ಹೊರಡಿಸಿಕೊಂಡು ತಾತನ ಮುಂದೆ ಹೋಗಿ ಕೂತೆ.

ಅವರಿಗೆ ನನ್ನ ಗುರುತು ಸಿಕ್ಕಿತು. ಸಂತೋಷಪಟ್ಟರು. ಬಟ್ಟಲು ಕೊಟ್ಟು ನೀರು ತುಂಬಿ ಅಂಚನ್ನೇ ನೋಡಿದರು. ಚೆಲ್ಲಲಿಲ್ಲ. "ಯಾವ್ ಗುಳಿಗೆ ತಗೋತಿದ್ದೀಯವ್ವ?" ಅಂತ ಕೇಳಿದರು. ಇದನ್ನು ಅವರು ಎಲ್ಲರಿಗೂ ಕೇಳುತ್ತಿದ್ದರು. ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರಿಗೆ ಒಂದು ಗೀರು ಬಿದ್ದರೂ ಪಟಿಕದ ಕಲ್ಲು ಎಷ್ಟು ಉಜ್ಜಿದರೂ ರಕ್ತ ನಿಲ್ಲುವುದಿಲ್ಲ, ಸಕ್ಕರೆ ಕಾಯಿಲೆಯವರ ಗೀರು ಮಾಯುವುದಿಲ್ಲ. ಅವರ ವೈದ್ಯವೆಲ್ಲ ಆ ಗೀರುಗಳಿಂದ ಕಲಿತದ್ದು.

"ಎಲ್ಲಾ ನಿಂತೋಯ್ತು ತಾತ" ಅಂದೆ. "ಡಾಕ್ಟ್ರೇ ನಿಲ್ಸಿದ್ರು."

ಅವರು ನೆತ್ತಿಯ ಮೇಲೆ ಅಂಗೈ ಇಟ್ಟರು. ಎರಡನೆಯ ಸಲ. ತಲೆ ನೆನೆಸಿದರು, ಕತ್ತಿಗೆ ಹೊಸ ಬ್ಲೇಡು ಹಾಕಿದರು. ಹಿಂಗತ್ತಿನ ಮೇಲೆ ಬೆರಳಿಟ್ಟು ತಲೆ ಬಗ್ಗಿಸಿದವರು ಹಾಗೇ ನಿಂತರು. ಕತ್ತಿ ಮಡಿಸಿದ ಸದ್ದು ಕೇಳಿಸಿತು.

"ತಲೆ ಬಗ್ಗ್ಯದೆ, ಕತ್ತು ಬಿಗ್ದದೆ. ಸುಳ್ಳು ಯೋಳೋರ ಕತ್ತು ಇಂಗೇ ಇರೋದು. ಯಾಕೆ ನಿಲ್ಲಿಸ್ದೆ?"

ನನ್ನ ಗಂಡ ನನ್ನ ಮುಖ ನೋಡಿದರು. ಅವರಿಗೂ ಆಗಲೇ ಗೊತ್ತಾದದ್ದು. ನನಗೆ ಅವಮಾನವಾಗಿ ಸಿಟ್ಟು ನೆತ್ತಿಗೇರಿತು. ನನ್ನ ತಲೆ, ನನ್ನ ದೇವರು, ನಡುವೆ ಈ ಮುದುಕನದೇನು? ಹಾಗೇ ಅಂದೂಬಿಟ್ಟೆ. ಗುಳಿಗೆ ನುಂಗ್ತಾ ಮುಡಿ ಕೊಟ್ಟರೆ ದೇವರಿಗೆ ಅನುಮಾನ ತೋರಿಸಿದ ಹಾಗಲ್ಲವೇ ಅಂತ ಕೂಗಾಡಿದೆ.

ತಾತ ನಕ್ಕರು. "ನಮ್ಮಪ್ಪ ಲೋಕದ ವಿಷಾನೇ ನುಂಗಿ ಗಂಟಲಲ್ಲಿ ಇಟ್ಕಂಡೋನು. ನೀನು ಸಾಸಿವೆಯಷ್ಟು ಗುಳಿಗೆ ನುಂಗಿದ್ರೆ ಅವನಿಗೆ ಕೋಪ ಬತ್ತದಾ?" ಅಂದರು. ಆಮೇಲೆ ನಗು ನಿಂತಿತು. ಬಟ್ಟಲನ್ನು ನನ್ನ ಕೈಯಿಂದ ತಗೊಂಡು, ತಮ್ಮ ಕಾಲ ಬಳಿ ಇಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಒಂದು ವಿಷಯ ಹೇಳಿದರು.

ಎಷ್ಟೋ ವರ್ಷದ ಹಿಂದೆ ಒಬ್ಬ ಗಂಡಸನ್ನು ಕೈಕಟ್ಟಿ ತಂದಿದ್ದರಂತೆ. ಮನೆಮಂದಿಯ ಗುರುತು ಹಿಡಿಯುತ್ತಿರಲಿಲ್ಲ. ತಲೆ ನೆನೆಸುವಾಗ ಕಿವಿಯ ಹಿಂದೆ ಮೆತ್ತಗೆ ಊದಿದ್ದು ತಾತನ ಅಂಗೈಗೆ ಸಿಕ್ಕಿತ್ತು. ಎಲ್ಲೋ ಬಿದ್ದು ಪೆಟ್ಟಾಗಿದೆ ಅನ್ನಿಸಿತ್ತು. ಕಟ್ಟೆಯ ಮೇಲೆ ಕೂತವನ ಮಾತು ಯಾರು ಕೇಳುತ್ತಾರೆ ಅಂದುಕೊಂಡು ಊತದ ಸುತ್ತ ಹುಷಾರಾಗಿ ಬೋಳಿಸಿ ಕಳಿಸಿದರು. ಆ ಮನುಷ್ಯ ಮೆಟ್ಟಿಲು ಇಳಿಯುವುದರೊಳಗೆ ಸತ್ತ. "ನನ್ ಅಂಗೈಗೆ ಗೊತ್ತಾಗಿತ್ತು ಕಣವ್ವ. ಬಾಯಿ ಯೋಳಲಿಲ್ಲ. ಅವತ್ತಿಂದ ಬಟ್ಟಲು ಇಡ್ಸೋದು ಕಲ್ತೆ. ಕಟ್ಟಿದ ಕೈ ಬಿಚ್ಚಿಸಾಕೆ ಒಂದು ನೆಪ ಬೇಕಲ್ಲ."

ಆಮೇಲೆ ತಾತ, "ಗುಳಿಗೆ ಸಾಕು ಅಂತ ಡಾಕ್ಟ್ರು ಬರ್ದು ಕೊಟ್ಟ ದಿನ ಆ ಚೀಟಿ ತಗಂಡು ಬಾ. ಅವತ್ತು ನಿನ್ ಮುಡಿ ನಾನೇ ತೆಗೀತೀನಿ" ಅಂದರು. ಒದ್ದೆ ತಲೆಯಲ್ಲೇ ಎದ್ದು ಬಂದೆ. ದಾರಿಯಲ್ಲೆಲ್ಲ ಅವರನ್ನು ಬೈದುಕೊಂಡೇ ಬಂದೆ. ಮೂರನೆಯ ದಿನ ಮಗುವನ್ನು ಎತ್ತಿಕೊಂಡು ನಿಂತಿದ್ದಾಗ ಬಲಗೈ ತಾನೇ ತಾನಾಗಿ ಎಗರಿತು. ಮಗು ಜಾರಿತು, ಎಡಗೈಗೆ ಹೇಗೋ ಸಿಕ್ಕಿತು. ಹತ್ತು ನಿಮಿಷ ನೆಲದ ಮೇಲೆ ಅದನ್ನು ಅವುಚಿಕೊಂಡು ಕೂತಿದ್ದು, ಎದ್ದು ಹೋಗಿ ಗುಳಿಗೆ ನುಂಗಿದೆ. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ವರ್ಷಕ್ಕೆ ಎರಡು ಮೂರು ಸಲವಾದರೂ ಮಗಳನ್ನು ಕರೆದುಕೊಂಡು ತಾತನನ್ನು ನೋಡಲು ಹೋಗುತ್ತಿದ್ದೆ. "ಬಂತಾ ಚೀಟಿ?" ಅನ್ನುವರು. ಇಲ್ಲ ಅಂದರೆ, "ಅಂಗಾದ್ರೆ ಕಡ್ಲೆಪುರಿ ತಿನ್ಕಂಡು ಓಗು" ಅಂತ ಪಕ್ಕದ ಪೊಟ್ಟಣ ನನ್ನ ಕಡೆ ತಳ್ಳುವರು. ಸದಾ ಪುರಿ ತಿನ್ನುವ ಚಟ. ತಲೆ ಬೋಳಿಸುತ್ತಾ ಆ ತಲೆಯ ಜೊತೆಗೇ ಮಾತಾಡುತ್ತಿದ್ದರು, ಕೂತವರ ಜೊತೆಗಲ್ಲ. "ಎಷ್ಟು ಯೋಚ್ನೆ ತುಂಬ್ಕಂಡಿದ್ದೀಯಪ್ಪ, ಇಳ್ಸು" ಅಂತ ಬುರುಡೆಗೆ ಹೇಳುವರು. ನಂಜುಂಡಪ್ಪನ ಮೇಲೆ ಅವರಿಗಿದ್ದಷ್ಟು ನಂಬಿಕೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆದರೆ ಕೆಲಸದ ದಿನ ಗುಡಿಯೊಳಕ್ಕೆ ಹೋಗುತ್ತಿರಲಿಲ್ಲ. ಮೈತುಂಬ ಊರವರ ಕೂದಲು ಅಂಟಿಕೊಂಡಿದೆ ಅಂತ ಕಟ್ಟೆಯಿಂದಲೇ ಗೋಪುರಕ್ಕೆ ಕೈ ಮುಗಿಯುತ್ತಿದ್ದರು. ಕೈ ಕಟ್ಟಿ ತಂದವರನ್ನು ಎಷ್ಟೋ ಜನರನ್ನು ಅವರು ಹಾಗೇ ಬೋಳಿಸಿ ಕಳಿಸಿದ್ದೂ ಉಂಟು, ಬಟ್ಟಲು ನೆಟ್ಟಗೆ ಹಿಡಿದಿದ್ದಾರೆ ಅಂತ. ಎಲ್ಲರನ್ನೂ ಆಸ್ಪತ್ರೆಗೆ ಅಟ್ಟುವ ಮನುಷ್ಯರಾಗಿರಲಿಲ್ಲ. ಅದರ ಬಗ್ಗೆ ನಾನು ಜಗಳವಾಡಿದ್ದೇನೆ. ಕೈ ನೆಟ್ಟಗಿದ್ದು ಮನಸ್ಸು ಮಾತ್ರ ಮುರಿದವರೂ ಇರುತ್ತಾರೆ ತಾತ, ಅವರಿಗೂ ಡಾಕ್ಟರು ಬೇಕು ಅಂದರೆ, "ಇರಬೌದವ್ವ, ನನ್ನ ಅಂಗೈಗೆ ಅಷ್ಟು ಗೊತ್ತಾಗಲ್ಲ" ಅನ್ನುವರು.

ನಾಲ್ಕನೆಯ ವರ್ಷ ಹೋದಾಗ ಅವರ ಮುಂದೆ ಯಾರೂ ಕೂತಿರಲಿಲ್ಲ. ಬಲಗೈಯನ್ನು ತೊಡೆಯಡಿ ಇಟ್ಟುಕೊಂಡಿದ್ದರು. ಪುರಿ ಎತ್ತುವಾಗ ನೋಡಿದೆ, ಬೆರಳುಗಳು ಕುಣಿಯುತ್ತಿದ್ದವು. ಅರ್ಧ ಪುರಿ ಬಾಯಿಗೆ ಹೋಗುವ ಮುಂಚೆಯೇ ಉದುರಿತು.

"ಏನ್ ತಾತ ಇದು?"

"ವಯಸ್ಸು."

"ಡಾಕ್ಟ್ರಿಗೆ ತೋರಿಸಿದ್ರಾ?"

"ನಂಜುಂಡಪ್ಪ ಕೊಟ್ಟ ಕೈ, ಅವ್ನೇ ವಾಪಸ್ ತಗೋತಾವ್ನೆ. ಮಧ್ಯ ನಾನ್ಯಾಕೆ ಅಡ್ಡ ಬರ್ಲಿ?"

ನನಗೆ ಮೈ ಉರಿದು ಹೋಯಿತು. ನನಗೊಂದು ನ್ಯಾಯ, ಅವರಿಗೊಂದು ನ್ಯಾಯವೇ? ಬಟ್ಟಲು ಎತ್ತಿ ಅವರ ಎರಡೂ ಕೈಗೆ ಕೊಟ್ಟು ನೀರು ತುಂಬಿದೆ. "ಇಡ್ಕಳಿ ತಾತ, ಚೆಲ್ಲಬ್ಯಾಡಿ." ಬಟ್ಟಲು ಟಕಟಕ ಅನ್ನುತ್ತಾ ಅರ್ಧ ನೀರು ಅವರ ಪಂಚೆಯ ಮೇಲೆ ಬಿತ್ತು. ಅವರು ಒದ್ದೆಯಾದ ಪಂಚೆಯನ್ನೇ ನೋಡುತ್ತಾ ಕೂತರು. ಕಣ್ಣಲ್ಲಿ ನೀರು ಬಂತು. "ವಿಷ ನುಂಗಿದೋನಿಗೆ ನಿಮ್ಮ ಗುಳಿಗೆ ಕಂಡ್ರೆ ಆಗಲ್ವಾ?" ಅಂದೆ. ಆ ಗುರುವಾರವೇ ನಾನೂ ನನ್ನ ಗಂಡನೂ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಗುಳಿಗೆಯಿಂದ ಸ್ವಲ್ಪ ಸ್ವಲ್ಪ ಹೊತ್ತು ಕೈ ಹತೋಟಿಗೆ ಬರುತ್ತದೆ ಅಂದರು.

ನನ್ನ ಚೀಟಿ ಬಂದದ್ದು ಮರುವರ್ಷ. ಇನ್ನು ಗುಳಿಗೆ ಬೇಡ ಅಂತ ಡಾಕ್ಟರಮ್ಮ ಬರೆದದ್ದನ್ನು ಹಿಡಿದುಕೊಂಡು ಅವ್ವ, ಗಂಡ, ಮಗಳ ಜೊತೆ ಕಟ್ಟೆಗೆ ಹೋದೆ. ತಾತ ಚೀಟಿಯನ್ನು ನನ್ನಿಂದಲೇ ಎರಡು ಸಲ ಓದಿಸಿದರು. ಆಮೇಲೆ ಪೆಟ್ಟಿಗೆಯಿಂದ ಕತ್ತಿ ತೆಗೆದರು.

"ಬ್ಯಾಡ ತಾತ" ಅಂದರು ಪಕ್ಕದ ಕೆಲಸದವರು. "ನೀನು ಕತ್ತಿ ಇಡ್ದು ಆರು ತಿಂಗ್ಳಾಯ್ತು. ತಲೆ ಕುಯ್ದುಬಿಟ್ಟೀಯ."

"ಮಾತು ಕೊಟ್ಟಿವ್ನಿ" ಅಂದರು ತಾತ. ನಮ್ಮೆದುರೇ ಒಂದು ಗುಳಿಗೆ ನುಂಗಿ, ಬಲಗೈಯನ್ನು ಮೊಣಕಾಲ ಮೇಲೆ ಚಾಚಿಟ್ಟು ಕಾಯತೊಡಗಿದರು. "ಇದು ಕೆಲಸ ಮಾಡೋದು ಒಂದು ಗಂಟೆ. ಕೈ ನಿಂತ ಮ್ಯಾಲೆ ಶುರು ಮಾಡ್ತೀನಿ. ನಿಲ್ದಿದ್ರೆ ಇಲ್ಲ."

ನಾವೆಲ್ಲ ಆ ಕೈಯನ್ನೇ ನೋಡುತ್ತಾ ಕೂತೆವು. ಬೆರಳು ಕುಣಿಯುತ್ತಲೇ ಇದ್ದವು. ಅರ್ಧ ಗಂಟೆಯಾಯಿತು. ನನ್ನ ಗಂಡ ಕಿವಿಯಲ್ಲಿ, ಬೇರೆಯವರ ಹತ್ತಿರ ತೆಗೆಸೋಣ ಅಂದರು. ನಾನು ಕದಲಲಿಲ್ಲ. ಯಾವಾಗ ನಿಂತಿತೋ ಗೊತ್ತಾಗಲಿಲ್ಲ, ನೋಡುತ್ತಿದ್ದಂತೆ ಕೈ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. ತಾತ ಬಟ್ಟಲು ತುಂಬಿ ನನ್ನ ಕೈಗಿಟ್ಟು, ಅಂಗೈಯನ್ನು ನೆತ್ತಿಯ ಮೇಲಿಟ್ಟರು.

"ತಣ್ಣಗದೆ" ಅಂದರು.

ಕತ್ತಿ ನೆತ್ತಿಯಿಂದ ಹಣೆಗೆ ಇಳಿಯಿತು. ಒಂದೊಂದು ಎಳೆತಕ್ಕೂ ಅವ್ವನ ಉಸಿರು ಕೇಳಿಸುತ್ತಿತ್ತು. ಕೂದಲು ಗೊಂಚಲು ಗೊಂಚಲಾಗಿ ಮಡಿಲಿಗೆ ಬೀಳುತ್ತಿತ್ತು, ಬಟ್ಟಲಿನ ನೀರು ಕದಲಲಿಲ್ಲ. ಎಡಗಿವಿಯ ಮೇಲೆ ಒಂದಿಷ್ಟು ಉಳಿದಾಗ ಕತ್ತಿ ತಟಕ್ಕನೆ ದೂರ ಹೋಯಿತು. "ನನ್ನ ಗಂಟೆ ಮುಗೀತು" ಅಂದು ತಾತ ಕತ್ತಿಯನ್ನು ಪಕ್ಕದವರಿಗೆ ಕೊಟ್ಟರು. "ಇದೊಂದು ಕುಚ್ಚು ನೀನು ತೆಗಿಯಪ್ಪ." ನನ್ನ ತಲೆಯಲ್ಲಿ ಒಂದು ಗೀರೂ ಇರಲಿಲ್ಲ. ನಾನು ಹೊಳೆಗೆ ಇಳಿದು ಮೂರು ಮುಳುಗು ಹಾಕಿದೆ. ಎದ್ದಾಗ ಮಗಳು ದಡದಲ್ಲಿ ನನ್ನ ಬೋಳುತಲೆ ನೋಡಿ ನಗುತ್ತಿದ್ದಳು, ನಾನೂ ನಕ್ಕೆ. ಆ ಹಳೆಯ ಭಯ ಅವತ್ತು ಹೋಯಿತು. ಯಾವುದರಿಂದ ಹೋಯಿತು ಅಂತ ನಾನು ಹುಡುಕುವುದಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಪಕ್ಕದ ಕೆಲಸದವರೇ ಫೋನ್ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಮಲಗಿಸಿದ್ದರು, ಹಣೆ ತುಂಬ ವಿಭೂತಿ. ಬಲಗೈ ಮುಟ್ಟಿ ನೋಡಿದೆ. ಅಂಗೈ ಒಣಗಿತ್ತು, ಸುಕ್ಕು ಬಿಟ್ಟಿತ್ತು. ಅದು ಅವರ ಕೈ ಅನ್ನಿಸಲೇ ಇಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.

ಈಗ ನಾನು ಹೆಡತಲೆ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಬಾಣಂತಿಯರ ಮನೆಗೆ ಹೋಗುವುದು ನನ್ನ ಕೆಲಸದ ಒಂದು ಭಾಗ. ಹೋದ ಕೂಡಲೇ ಒಂದು ಚೊಂಬು ನೀರು ತರಿಸಿ ಬಾಣಂತಿಯ ಎರಡೂ ಕೈಗೆ ಕೊಡುತ್ತೇನೆ. ಮನೆಯ ಹಿರಿಯರು ಗೊಣಗುತ್ತಾರೆ. ಗೊಣಗಲಿ. ಅವಳು ಕುಡಿಯುವವರೆಗೂ ನಾನು ಏಳುವುದಿಲ್ಲ, ಕಣ್ಣು ಚೊಂಬಿನ ಅಂಚಿನ ಮೇಲಿರುತ್ತದೆ.

ಹೋದ ತಿಂಗಳು ಒಂದು ಮನೆಯಲ್ಲಿ ಅಂಚು ವಾಲಿತು. ಇಪ್ಪತ್ತೆರಡರ ಹುಡುಗಿ, ಹೆರಿಗೆಯಾಗಿ ಹತ್ತು ದಿನ. ಎರಡು ದಿನದಿಂದ ತಲೆನೋವು, ಮಾತು ತೊದಲುತ್ತಿತ್ತು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಹುಡುಗಿಯ ಅಜ್ಜಿ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ನಾಳೆ ಸೋಮವಾರ. ಇವಳ ಮುಡಿ ಕೊಡ್ತೀನಿ ಅಂತ ನಂಜುಂಡಪ್ಪಂಗೆ ಅರಕೆ ಒತ್ತಿವ್ನಿ. ಮುಡಿ ಕೊಡ್ದೆ ಎಲ್ಲಿಗೂ ಕಳ್ಸಲ್ಲ" ಅಂದಳು. ಆಂಬುಲೆನ್ಸಿನ ಸದ್ದು ಊರ ಬಾಗಿಲಲ್ಲಿ ಕೇಳಿಸುತ್ತಿತ್ತು. ಕೂಗಾಡಬೇಕು ಅನ್ನಿಸಿತು, ಎಳೆದು ಪಕ್ಕಕ್ಕೆ ಸರಿಸಬೇಕು ಅನ್ನಿಸಿತು. ಹಾಗೆ ಮಾಡದೆ ಅವಳ ಎದುರು ಹೊಸ್ತಿಲ ಮೇಲೆ ಕೂತೆ.

"ಹರಕೆ ಹೊತ್ತಿದ್ದು ಯಾರ ಬಾಯಿ ಅಜ್ಜಿ?" ಅಂತ ಕೇಳಿದೆ.

"ನಂದೇ."

"ಹಾಗಾದ್ರೆ ಮುಡಿ ನೀವು ಕೊಡಿ. ನಾಳೆ ನಾನೇ ಕಟ್ಟೆಗೆ ಕರ್ಕೊಂಡು ಹೋಗ್ತೀನಿ. ಇವಳು ಈಗ ಆಸ್ಪತ್ರೆಗೆ ಹೋಗ್ಲಿ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ಕೂತು, ಅಲ್ಲೇ ತನ್ನ ತುರುಬು ಬಿಚ್ಚತೊಡಗಿದಳು.